ಉಲ್ಟಾ ಹಲಗೆಯ ಎರಡು ನಡೆ

ನಮ್ಮ ದೊಡ್ಡಪ್ಪ ಸಾಧು ಮನುಷ್ಯ ಎಂದು ಯಾರಾದರೂ ಅಂದರೆ ನನಗೆ ನಗು ಬರುತ್ತದೆ. ಹನ್ನೊಂದು ವರ್ಷ ಅವರ ಹೊಟ್ಟೆಯಲ್ಲಿ ಕುದ್ದ ಸಿಟ್ಟನ್ನು ನಾನು ಕಂಡಿದ್ದೇನೆ.

ಪ್ರೆಸ್ಸಿನಲ್ಲಿ ಅವರದು ಅಚ್ಚಿನ ಮೊಳೆ ಜೋಡಿಸುವ ಕೆಲಸ. ಸೀಸದ ಅಕ್ಷರಗಳು ಕನ್ನಡಿಯಲ್ಲಿ ಕಂಡಂತೆ ತಿರುಗಿರುತ್ತವೆ. ಅದನ್ನೇ ಅವರು ಸರಾಗವಾಗಿ ಓದುತ್ತಿದ್ದರು. ಚದುರಂಗ ಕಲಿತದ್ದೂ ವಾರಪತ್ರಿಕೆಯ ಚದುರಂಗದ ಚಿತ್ರದ ತಿರುಗಿದ ಅಚ್ಚು ನೋಡಿಯೇ. ಹಾಗಾಗಿ ಮೊದಲ ಸಲ ಹಲಗೆ ಹಾಸಿದಾಗ ರಾಣಿಯ ಮನೆಯಲ್ಲಿ ರಾಜನನ್ನೂ ರಾಜನ ಮನೆಯಲ್ಲಿ ರಾಣಿಯನ್ನೂ ಇಟ್ಟರು. ಎದುರಿಗಿದ್ದವರು ಕರಡು ತಿದ್ದುವ ಮೇಷ್ಟ್ರು, ಪ್ರೆಸ್ಸಿಗೇ ದೊಡ್ಡ ಆಟಗಾರರು. ಊಟದ ಬಿಡುವಿನಲ್ಲಿ ಎಲ್ಲರೆದುರು ಬಿದ್ದು ಬಿದ್ದು ನಕ್ಕು 'ಉಲ್ಟಾ' ಎಂದು ಹೆಸರಿಟ್ಟರು. ಹೆಸರು ಮನೆಯವರೆಗೂ ಬಂತು. ಒಮ್ಮೆ ಜಗಳದಲ್ಲಿ ದೊಡ್ಡಮ್ಮನೂ ಹಾಗೇ ಕರೆದುಬಿಟ್ಟರು. ಅವತ್ತು ದೊಡ್ಡಪ್ಪ ಊಟ ಮಾಡಲಿಲ್ಲ.

ಅದೇ ಜನರೆದುರು ಆ ಮನುಷ್ಯನನ್ನು ಒಮ್ಮೆ ಸೋಲಿಸಬೇಕು, ಅಷ್ಟೇ ಅವರಿಗೆ ಬೇಕಿದ್ದದ್ದು. ವಾರಕ್ಕೊಮ್ಮೆ ಆಡಿದರು, ಪ್ರತಿ ಸಲವೂ ಸೋತರು. ಸೋಲುತ್ತಲೇ ಮೇಷ್ಟ್ರ ಕೈ ಗಮನಿಸಿದರು. ಬಿಳಿ ಕಾಯಿ ಸಿಕ್ಕರೆ ಸಾಕು, ಎಡ ತುದಿಯ ಕಾಲಾಳು ಬಿಟ್ಟು ಅದರ ಪಕ್ಕದ ಎರಡು ಕಾಲಾಳುಗಳನ್ನು ಹಲಗೆಯನ್ನೂ ನೋಡದೆ ಎರಡೆರಡು ಮನೆ ತಳ್ಳುವುದು ಅವರ ರೂಢಿ. ರಾಜ ಬಲಗಡೆ ಇರುವತನಕ ಅದರಿಂದ ಅಪಾಯವಿಲ್ಲ.

ಹನ್ನೊಂದನೇ ವರ್ಷದಲ್ಲಿ ಒಂದು ದಿನ ದೊಡ್ಡಪ್ಪ ಬೇಕೆಂದೇ ಎರಡೂ ಕಡೆ ರಾಜ ರಾಣಿಯರನ್ನು ಉಲ್ಟಾ ಜೋಡಿಸಿ, ಬಿಳಿ ಕಾಯಿಗಳನ್ನು ಮೇಷ್ಟ್ರಿಗೆ ಬಿಟ್ಟರು. ಅದೇ ಪ್ರೆಸ್ಸಿನಲ್ಲಿ ಬೈಂಡಿಂಗ್ ಕೆಲಸಕ್ಕಿದ್ದ ನಾನು ಪಕ್ಕದಲ್ಲೇ ನಿಂತಿದ್ದೆ. ಹೀಗೇ ಆಡೋಣವೇ ಎಂದು ಕೇಳಿದರು.

"ನಿನ್ನ ಜೊತೆ ಹೇಗಾಡಿದ್ರೇನು" ಎಂದು ಮೇಷ್ಟ್ರು ಚಹಾ ಹೀರುತ್ತ ಒಂದು ಕಾಲಾಳು ತಳ್ಳಿದರು. ದೊಡ್ಡಪ್ಪ ತಮ್ಮ ರಾಜನ ಮುಂದಿನ ಕಾಲಾಳು ಸರಿಸಿ ರಾಣಿಗೆ ದಾರಿ ಬಿಟ್ಟರು. ಮೇಷ್ಟ್ರು ಪಕ್ಕದ ಕಾಲಾಳನ್ನೂ ತಳ್ಳಿದರು. ದೊಡ್ಡಪ್ಪನ ರಾಣಿ ಓರೆಯಾಗಿ ಹಲಗೆಯ ಅಂಚಿಗೆ ಹೋಗಿ ನಿಂತಿತು. ಎಡಕ್ಕೆ ಬಂದಿದ್ದ ಬಿಳಿ ರಾಜನಿಗೆ ಓಡಲು ಮನೆಯಿಲ್ಲ, ಅಡ್ಡ ಬರಲು ಕಾಯಿಯಿಲ್ಲ.

"ಸೋತೆ ಅನ್ನಿ ಮೇಷ್ಟ್ರೇ. ಎಲ್ರಿಗೂ ಕೇಳ್ಲಿ."

ಮೇಷ್ಟ್ರು ತಲೆ ತಗ್ಗಿಸಿ 'ಸೋತೆ' ಅಂದರು. ನನಗಾದ ಸಂತೋಷ ಅಷ್ಟಿಷ್ಟಲ್ಲ. ಸರಿಯಾಗಿ ಜೋಡಿಸಿ ಇನ್ನೊಂದಾಟ ಆಡೋಣ ಎಂದರು ಮೇಷ್ಟ್ರು. ದೊಡ್ಡಪ್ಪ ಕಾಯಿಗಳನ್ನು ಡಬ್ಬಿಗೆ ತುಂಬಿದರು.

ಆಮೇಲೆ ಆರು ವರ್ಷ ಮೇಷ್ಟ್ರು ಕೇಳುತ್ತಲೇ ಇದ್ದರು. ನಿವೃತ್ತರಾಗುವ ದಿನ 'ನೀವು' ಎಂದು ಕರೆದೂ ಕೇಳಿದರು. ದೊಡ್ಡಪ್ಪ ಮೊಳೆಯಿಂದ ಕಣ್ಣೆತ್ತಲಿಲ್ಲ. ಪಾಪ, ಒಂದಾಟ ಆಡಬಾರದಿತ್ತೇ ಎಂದೆ.

"ಆಡಿದ್ರೆ ನಾನೇ ಸೋಲ್ತೀನಿ ಕಣಮ್ಮ. ಅದು ಅವ್ರಿಗೂ ಗೊತ್ತು. ಅದಕ್ಕೇ ಆಡಲ್ಲ."