ಕೆಂಡಣ್ಣನ ವಿಮಾನ

ಇಪ್ಪತ್ತೆರಡು ವರ್ಷ ನೌಕರರ ಬಾಗಿಲಿನಿಂದಲೇ ವಿಮಾನ ನಿಲ್ದಾಣಕ್ಕೆ ನುಗ್ಗಿ ರೂಢಿಯಾದ ಕಾಲು ಅಂದೂ ಅತ್ತಲೇ ನಡೆಯಿತು. ಕಾವಲಿನವನು ಕೈ ಅಡ್ಡ ಹಿಡಿದ. "ಕೈಯಲ್ಲಿ ಟಿಕೆಟ್ ಇಟ್ಕೊಂಡು ಇಲ್ಲಿ ಬರ್ತೀಯಲ್ಲ ಕೆಂಡಣ್ಣ! ಇವತ್ತು ನೀನು ಪ್ರಯಾಣಿಕ. ಹೋಗಿ ಸಾಲಲ್ಲಿ ನಿಂತ್ಕೊ." ಹಿಂದಿದ್ದವರೆಲ್ಲ ಗೊಳ್ಳೆಂದರು. ಕೆಂಡಣ್ಣ ಪೆಚ್ಚಾಗಿ ಸಾಲಿನ ಬಾಲ ಹಿಡಿದ. ತಪಾಸಣೆಯಲ್ಲಿ ಬೂಟು ಬಿಚ್ಚಿಸಿದಾಗ ಕಾಲುಚೀಲದ ತೂತಿನಿಂದ ಹೆಬ್ಬೆರಳು ಇಣುಕಿ ಊರಿಗೆಲ್ಲ ಮುಖ ತೋರಿಸಿತು.

ಅವನು ಅಲ್ಲಿನ ಬಾರ್ ಅಂಡ್ ಗ್ರಿಲ್‌ನಲ್ಲಿ ಕೆಂಡದ ಒಲೆಯ ಮುಂದೆ ನಿಂತು ಕೋಳಿ ಸುಡುವವನು. ನಮ್ಮಂಥ ಪುಕ್ಕಲರು ಹೆದರಿಕೆಯನ್ನೇ ಹಸಿವೆಂದು ಹೇಳಿಕೊಂಡು, ಎರಡು ಗುಟುಕು ಬಿಯರು ಇಳಿಸಿ, ಬಕಬಕನೆ ತಿಂದು ವಿಮಾನಕ್ಕೆ ಓಡುವ ಜಾಗ ಅದು. ಅಷ್ಟು ಜನರ ಹೊಟ್ಟೆ ತುಂಬಿಸಿ ಆಕಾಶಕ್ಕೆ ಕಳಿಸಿದವನು ತಾನು ಮಾತ್ರ ಒಮ್ಮೆಯೂ ನೆಲ ಬಿಟ್ಟಿರಲಿಲ್ಲ.

ಈಗ ಬಿಡಲೇಬೇಕಿತ್ತು. ತಾಯಿಯಿಲ್ಲದ ಅವನನ್ನು ಸಾಕಿ ಬೆಳೆಸಿದ ಅಕ್ಕ ದೂರದ ಆಸ್ಪತ್ರೆಯಲ್ಲಿ ಕೊನೆಯ ಉಸಿರೆಳೆಯುತ್ತಿದ್ದಳು. "ಸಂಜೆ ತನಕ ಇದ್ರೆ ಹೆಚ್ಚು ಅಂತಾರೆ ಡಾಕ್ಟ್ರು. ಬೇಗ ಬಾ ಮಾವ," ಎಂದು ಅಕ್ಕನ ಮಗಳು ಫೋನಿನಲ್ಲಿ ಅತ್ತಿದ್ದಳು. ಆ ಊರಿಗೆ ದಿನಕ್ಕೆ ಒಂದೇ ವಿಮಾನ, ಮಧ್ಯಾಹ್ನ ಒಂದೂವರೆಗೆ.

ಇನ್ನೂ ಗಂಟೆ ಹೊತ್ತಿತ್ತು. ಮೊದಲ ಸಲ ಗಿರಾಕಿಯಾಗಿ ತನ್ನದೇ ಹೋಟೆಲಿನಲ್ಲಿ ಕುಳಿತ.

"ಬರಬೇಕು ಸಾಹೇಬ್ರು! ಏನು ಕೊಡ್ಲಿ?" ಎಂದ ಬಾರ್ ಕೌಂಟರಿನ ಗೆಳೆಯ.

ತಂದಿಟ್ಟ ಬಿಯರನ್ನು ಪಕ್ಕಕ್ಕೆ ಸರಿಸಿದ. ಕೋಳಿ ಹೊರಗೆ ಕರಕಲು, ಒಳಗೆ ಹಸಿ. ಅವನ ಬದಲಿಗೆ ನಿಂತವನು ಒಲೆಯ ಮುಂದೆ ತಬ್ಬಿಬ್ಬಾಗಿದ್ದ.

"ಇದಿನ್ನೂ ಉಸಿರಾಡ್ತಿದೆಯಲ್ಲೋ!" ಎಂದು ಕೆಂಡಣ್ಣ ಎದ್ದ.

"ಸುಮ್ನೆ ಕೂತ್ಕೊಳೋ, ಹೊರಡೋನು ನೀನು," ಎಂದ ಕೌಂಟರಿನ ಗೆಳೆಯ.

"ಕೂತ್ರೆ ಅಕ್ಕನ ಮುಖಾನೇ ಕಣ್ಮುಂದೆ ಬರುತ್ತೆ. ಹತ್ತು ನಿಮಿಷ ಅಷ್ಟೆ."

"ಸರಿ ಹೋಗು. ತಡವಾದ್ರೆ ಹೆಸರು ಹಿಡಿದು ಕೂಗ್ತಾರೆ. ನಾನು ಕೇಳಿಸ್ಕೊಂಡು ಹೇಳ್ತೀನಿ."

ಇಕ್ಕಳ ಕೈಗೆ ಬಂದೊಡನೆ ಎದೆಯ ಭಾರ ತುಸು ಇಳಿಯಿತು. ಒಲೆಯವನಿಗೆ ಧ್ವನಿವರ್ಧಕದ ಕೂಗು ಕೇಳಿಸಬಾರದೆಂಬುದು ಅವರ ಕಸುಬಿನ ಮೊದಲ ಪಾಠ. ಕಿವಿ ಅತ್ತ ಹೋದರೆ ಕೋಳಿ ಇತ್ತ ಸುಟ್ಟೀತು. ವಿಮಾನ ಹೊರಡುವುದು ಕೆಂಡಣ್ಣನಿಗೆ ತಿಳಿಯುತ್ತಿದ್ದುದೇ ಕುರ್ಚಿಗಳು ಖಾಲಿಯಾದಾಗ.

ಅಂದೂ ಹಾಗೇ ತಿಳಿಯಿತು. ತಲೆ ಎತ್ತಿದರೆ ಮೇಜುಗಳೆಲ್ಲ ಬರಿದು. ಗಡಿಯಾರದಲ್ಲಿ ಒಂದು ನಲವತ್ತು.

"ನನ್ನ ಕೂಗ್ಲಿಲ್ವೇನೋ?"

"ಇಲ್ಲ ಕಣೋ, ಕಿವಿ ನೆಟ್ಟಗೆ ಮಾಡ್ಕೊಂಡೇ ಇದ್ದೆ. ಬೇರೆ ಯಾರನ್ನೋ ಮೂರು ಸಲ ಕೂಗಿದ್ರು. ಎಂಥ ಕತ್ತೆನಪ್ಪಾ, ಇಷ್ಟು ಕರೆದ್ರೂ ಬರಲ್ವಲ್ಲ ಅಂದ್ಕೊಂಡೆ," ಎಂದು ನಗುತ್ತ ಆ ಹೆಸರನ್ನು ಹೇಳಿದ.

"ಅದು ನಾನೇ."

ಗ್ಲಾಸು ಒರೆಸುತ್ತಿದ್ದ ಕೈ ಅಲ್ಲೇ ನಿಂತಿತು. ಇಷ್ಟು ವರ್ಷ ಜೊತೆಗೆ ದುಡಿದರೂ ಅವನಿಗೆ ಗೊತ್ತಿದ್ದುದು ಕೆಂಡಣ್ಣನೆಂಬ ಅಡ್ಡಹೆಸರೊಂದೇ.

ಗೇಟಿಗೆ ನಲವತ್ತು ಹೆಜ್ಜೆ. ಓಡಿ ತಲುಪುವಾಗ ಬಾಗಿಲು ಹಾಕಿತ್ತು. ಗಾಜಿನಾಚೆ ವಿಮಾನ ಬೆನ್ನು ತಿರುಗಿಸಿ ಹೋಗುತ್ತಿತ್ತು. ಅಷ್ಟರಲ್ಲಿ ಫೋನು.

"ಮಾವ, ಅಮ್ಮ ಕಣ್ಣು ಬಿಟ್ಟು ನಿನ್ನೇ ಕೇಳಿದ್ಲು. ಎಲ್ಲಿದೀಯ?"

"ಏರ್‌ಪೋರ್ಟಲ್ಲೇ ಇದೀನಮ್ಮ."

"ಇನ್ನೂ ಅಲ್ಲೇನಾ? ನೀನು ಅಲ್ಲಿಗೆ ಬಂದು ಎಷ್ಟೊತ್ತಾಯ್ತು?"

ಕೈಯಲ್ಲಿ ಹಾಗೇ ಉಳಿದಿದ್ದ ಇಕ್ಕಳವನ್ನು ಕೆಂಡಣ್ಣ ನೋಡಿಕೊಂಡ.

"ಇಪ್ಪತ್ತೆರಡು ವರ್ಷ."