ಚಕ್ರಪಾಣಿಯ ಕೆಂಪು ಪೆನ್ನು

ಒಂದು ಕಡೆ ನಿಲ್ಲದವರನ್ನು ಕಾಲಿಗೆ ಚಕ್ರ ಕಟ್ಟಿಕೊಂಡವರು ಎನ್ನುವುದು ವಾಡಿಕೆ. ಚಕ್ರಪಾಣಿಯ ವಿಷಯದಲ್ಲಿ ಅದು ಅಲಂಕಾರವಲ್ಲ, ಬರೀ ವರದಿ. ಇಪ್ಪತ್ತೆರಡು ವರ್ಷಗಳ ಹಿಂದೆ ಕಾರ್ಖಾನೆಯೊಂದರ ಅಟ್ಟದಿಂದ ಬಿದ್ದು ಸೊಂಟದ ಕೆಳಗಿನ ರಾಜ್ಯವನ್ನು ಕಳೆದುಕೊಂಡವರು, ಉಳಿದರ್ಧವನ್ನು ಗಾಲಿಕುರ್ಚಿಯ ಮೇಲೆ ಕೂರಿಸಿ ಅಂದಿನಿಂದ ದಂಡಯಾತ್ರೆ ನಡೆಸುತ್ತಲೇ ಇದ್ದಾರೆ. ಎರಡು ಕೈಯಲ್ಲೂ ಸದಾ ಚಕ್ರ ಇರುವುದರಿಂದ ಈ ಹೆಸರು. ಅಪ್ಪ ಅಮ್ಮ ಇಟ್ಟದ್ದು ಪಿಂಚಣಿ ಪುಸ್ತಕದಲ್ಲಿ ಸುಖವಾಗಿ ನಿದ್ದೆ ಮಾಡುತ್ತಿದೆ.

“ಒಂದು ಗಳಿಗೆ ಸುಮ್ನೆ ಕೂತ್ಕೊಳ್ರೀ,” ಎಂದು ಹೆಂಡತಿ ಗದರಿದರೆ, “ಕೂತೇ ಇದ್ದೀನಲ್ಲೇ! ಇನ್ನೇನು, ಮಲಗ್ಲಾ?” ಎನ್ನುತ್ತಾರೆ. ಹೇಳುವಾಗಲೂ ಎರಡಡಿ ಮುಂದೆ, ಎರಡಡಿ ಹಿಂದೆ. ಕಚೇರಿಯಲ್ಲಿ ಅವರ ಮೇಜಿನ ಹಿಂದೆ ನೆಲದ ಬಣ್ಣ ಎರಡು ಪಟ್ಟೆಯಾಗಿ ಅಳಿಸಿಹೋಗಿದೆ.

ಸ್ವಂತ ಕಸುಬು ಶುರುಮಾಡಬೇಕೆನ್ನುವ ಅಂಗವಿಕಲರಿಗೆ ಯೋಜನೆ ಬರೆದುಕೊಡುವುದು, ಜಾಗ ಹುಡುಕಿಕೊಡುವುದು, ಮೊದಲ ಗಿರಾಕಿ ಬರುವತನಕ ಬೆನ್ನಿಗೆ ನಿಲ್ಲುವುದು ಆ ಕಚೇರಿಯ ಕೆಲಸ. (“ನಿಲ್ಲೋದು ನನ್ನ ಕೈಲಾಗಲ್ಲ, ಬೆನ್ನಿಗೆ ಕೂರ್ತೀನಿ,” ಎಂದು ಬಂದವರಿಗೆಲ್ಲ ಮೊದಲೇ ತಿಳಿಸುತ್ತಾರೆ.) ಅವರು ಬರುವ ಮುನ್ನ ಅಲ್ಲಿ ಇದ್ದದ್ದು ಒಂದೇ ಯೋಜನೆ: ಮೇಣದಬತ್ತಿ. ಕಿವಿ ಕೇಳದವರಿಗೂ ಮೇಣದಬತ್ತಿ, ಕೈ ಇಲ್ಲದವರಿಗೂ ಮೇಣದಬತ್ತಿ, ಕಣ್ಣು ಕಾಣದವರಿಗಂತೂ ಕಡ್ಡಾಯವಾಗಿ ಮೇಣದಬತ್ತಿ. ಊರಿಗೆ ಕರೆಂಟು ಬಂದ ಸುದ್ದಿಯನ್ನು ಕಚೇರಿಗೆ ಯಾರೂ ಮುಟ್ಟಿಸಿರಲಿಲ್ಲ.

ಮೇಣದ ವಿರುದ್ಧ ಚಕ್ರಪಾಣಿ ಹೂಡಿದ ಯುದ್ಧದಲ್ಲಿ ಅವರ ಆಯುಧ ಒಂದು ಕೆಂಪು ಪೆನ್ನು. ಯೋಜನೆಯ ನಮೂನೆಯಲ್ಲಿ ಮೂರನೇ ಪುಟಕ್ಕೆ ಬಂದರೆ ‘ದೌರ್ಬಲ್ಯ’ ಎಂಬ ಕಲಂ ಇದೆ. ಕಸುಬಿಗೆ ಯಾವುದು ತೊಡಕಾದೀತು ಎಂದು ಬರೆಯಬೇಕಾದ ಜಾಗ. ಬಂದವರೆಲ್ಲ ತಪ್ಪದೆ ಒಂದೇ ತಪ್ಪು ಮಾಡುತ್ತಿದ್ದರು. ‘ಎಡಗೈ ಇಲ್ಲ.’ ‘ಕಿವಿ ಕೇಳುವುದಿಲ್ಲ.’ ಚಕ್ರಪಾಣಿ ಅದರ ಮೇಲೆ ಸರ್ರನೆ ಕೆಂಪು ಗೀಟು ಎಳೆಯುತ್ತಿದ್ದರು.

“ಇದು ಡಾಕ್ಟರ ಚೀಟೀಲಿದೆ, ಇಲ್ಲಿ ಬೇಡ. ನಿನ್ನ ನಿಜವಾದ ದೌರ್ಬಲ್ಯ ಹೇಳಪ್ಪ.”

ಸೈಕಲ್ ರಿಪೇರಿಯ ಒಂಟಿಗೈಯವನು ಎರಡು ದಿನ ತಲೆ ಕೆರೆದುಕೊಂಡು, “ಬೆಳಿಗ್ಗೆ ಹತ್ತಕ್ಕೆ ಮುಂಚೆ ಏಳಲ್ಲ, ಚಕ್ರಣ್ಣ,” ಎಂದು ಒಪ್ಪಿಕೊಂಡ. ಬಿಸ್ಕತ್ತು ಸುಡುವ ಕಿವುಡಿ, ರುಚಿ ನೋಡುವ ನೆಪದಲ್ಲಿ ಅರ್ಧ ಡಬ್ಬ ತಾನೇ ಖಾಲಿ ಮಾಡುತ್ತೇನೆಂದು ಸನ್ನೆಯಲ್ಲಿ ತೋರಿಸಿ ನಕ್ಕಳು. “ಭೇಷ್! ಇದು ಬರಿ, ಇದಕ್ಕೆ ಮದ್ದಿದೆ,” ಎಂದು ಚಕ್ರಪಾಣಿ ಮೇಜು ಕುಟ್ಟುತ್ತಿದ್ದರು.

ಸೂಜಿ ಎಂಬಾಕೆ ಬಂದದ್ದು ಚಕ್ರಪಾಣಿ ಈ ವಿಜಯಗಳ ಅಮಲಿನಲ್ಲಿದ್ದಾಗ. ಮೂವತ್ತೈದರ ಹೆಂಗಸು, ಹುಟ್ಟಿನಿಂದ ಕಣ್ಣಿಲ್ಲ, ಹೊಲಿಗೆ ಯಂತ್ರ ರಿಪೇರಿ ಮಾಡುತ್ತಾಳೆ. ಆ ಅಡ್ಡಹೆಸರು ಕಸುಬಿನಿಂದ ಬಂತೋ ನಾಲಿಗೆಯಿಂದ ಬಂತೋ ಎಂಬುದು ಇನ್ನೂ ಇತ್ಯರ್ಥವಾಗಿಲ್ಲ. ತಂದೆ ಮೆಕ್ಯಾನಿಕ್ ಆಗಿದ್ದರು. ಅವರ ಪಕ್ಕ ಕೂತು, ಗಾಲಿ ತಿರುಗಿಸಿ ಕಿವಿಗೊಟ್ಟೇ ಯಂತ್ರದ ಕಾಯಿಲೆ ಹೇಳುವುದನ್ನು ಕಲಿತಿದ್ದಳು. ತಂದೆ ಹೋದ ಮೇಲೆ ಹದಿನೆಂಟು ವರ್ಷದಿಂದ ಅಡುಗೆಮನೆಯ ಮೂಲೆಯೇ ಅವಳ ವರ್ಕ್‌ಶಾಪು. ಈಗ ಅತ್ತಿಗೆಗೆ ದಿನ ತುಂಬುತ್ತಿತ್ತು.

“ಮಗು ಅಂಬೆಗಾಲಿಟ್ಟು ಬಂದು ಸ್ಕ್ರೂ ನುಂಗಿದ್ರೆ ಏನ್ ಮಾಡ್ಲಿ, ನೀನೇ ಹೇಳು,” ಎಂದಿದ್ದಳಂತೆ ಅತ್ತಿಗೆ. ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ತಿಂಗಳ ಕೊನೆಯೊಳಗೆ ಮೇಜು ಹೊರಗೆ ಹೋಗಬೇಕು. ಬೇರೆ ಜಾಗ ಸಿಗದಿದ್ದರೆ ಅಣ್ಣ ಅವಳಿಗೆಂದು ಒಂದು ಹಾಸ್ಟೆಲಿನಲ್ಲಿ ಸೀಟು ಹೇಳಿಟ್ಟಿದ್ದ. ಅಲ್ಲಿ ಊಟ ವಸತಿ ಉಂಟು, ದಿನವಿಡೀ ಕೆಲಸವೂ ಉಂಟು: ಮೇಣದಬತ್ತಿ.

ಚಕ್ರಪಾಣಿಗೆ ನಿದ್ದೆ ಹಾರಿಹೋಯಿತು. ಒಂದು ವಾರ ಊರಿನ ಫುಟ್‌ಪಾತುಗಳನ್ನೆಲ್ಲ ಉತ್ತು ಬಂದು ಜಾಗ ಹಿಡಿದರು. ನಲವತ್ತು ದರ್ಜಿಗಳ ಎರಡಂತಸ್ತಿನ ಕಟ್ಟಡ. ನೆಲಮಹಡಿಯಲ್ಲಿ, ಮೆಟ್ಟಿಲ ಕೆಳಗೆ ಖಾಲಿ ಕೋಣೆ. ಹೊಸ್ತಿಲಿಲ್ಲ, ಒಂದಿಂಚಿನ ಏರೂ ಇಲ್ಲ. ಅವರ ಕುರ್ಚಿ ಬೆಣ್ಣೆಯಲ್ಲಿ ಚಾಕುವಿನಂತೆ ಒಳಗೆ ಹೋಗಿ ಹೊರಗೆ ಬಂತು. ಇದಕ್ಕಿಂತ ಒಳ್ಳೆಯ ಕೋಣೆ ಭೂಮಿಯ ಮೇಲೆ ಇಲ್ಲವೆಂದು ಅವರು ಅಲ್ಲೇ ತೀರ್ಮಾನಿಸಿದರು.

ಸೂಜಿ ಹೇಳಿದಳು, ಅವರು ಬರೆದರು. ಮೂರನೇ ಪುಟಕ್ಕೆ ಬಂದಾಗ ಅವಳು “ಕಣ್ಣು ಕಾಣಲ್ಲ” ಎಂದಳು. ಸರ್ರ್, ಕೆಂಪು ಗೀಟು.

“ಏನದು ಸದ್ದು?”

“ನಿನ್ನ ಸುಳ್ಳು ಹೊಡೆದು ಹಾಕಿದೆ. ನಿಜ ಹೇಳು.”

ಸೂಜಿ, “ಗಿರಾಕಿಗಳಿಗೆ ಬುದ್ಧಿ ಹೇಳ್ತೀನಿ, ಚಕ್ರಣ್ಣ. ಯಂತ್ರ ಕೊಳೆ ಮಾಡ್ಕೊಂಡು ಬಂದ್ರೆ ಬಾಯಿ ತಡೆಯಲ್ಲ,” ಎಂದಳು.

“ಅದಕ್ಕೆ ಪರಿಹಾರ?”

“ಮೊದ್ಲು ಯಂತ್ರ ಕೈಗೆ ಕೊಟ್ಟು, ಆಮೇಲೆ ಬೈತೀನಿ.”

ಚಕ್ರಪಾಣಿ ಅದನ್ನು ಮುತ್ತಿನಂಥ ಅಕ್ಷರದಲ್ಲಿ ಬರೆದು, ಕಟ್ಟಡ ನೋಡಿಕೊಳ್ಳುವ ದರ್ಜಿಗಳ ಸಂಘಕ್ಕೆ ಕಳಿಸಿದರು. ಓದಿ ಮೆಚ್ಚಿದ ಸಂಘ, ಬಂದು ಮಾತಾಡಿ ಕೀಲಿ ತೆಗೆದುಕೊಂಡು ಹೋಗಿ ಎಂದಿತು.

ಮರುದಿನ ಮಧ್ಯಾಹ್ನ ಮೂರು ಗಂಟೆಗೆ ಇಬ್ಬರೂ ಅದೇ ಕಟ್ಟಡದ ನೆಲಮಹಡಿಯಲ್ಲಿದ್ದ ಸಂಘದ ಕೋಣೆಗೆ ಹೋದರು. ಕೊರಳಲ್ಲಿ ಟೇಪು ಹಾಕಿಕೊಂಡ ಮುದುಕ ಕಾರ್ಯದರ್ಶಿ, ಸಭೆಗೆಂದು ಕೈಗೆ ಬಿಡುವು ಕೊಡುವ ಜಾತಿಯಲ್ಲ. ಯಂತ್ರ ತುಳಿಯುತ್ತ ಪ್ಯಾಂಟಿನ ಅಂಚು ಹೊಲಿಯುತ್ತಿದ್ದರು. ಪಕ್ಕದಲ್ಲಿ ಒಬ್ಬ ಕೋಟಿನ ದರ್ಜಿ, ಒಬ್ಬಳು ಕಸೂತಿಯ ಅಕ್ಕ. ಸೂಜಿಯ ಕೋಲು ಬಾಗಿಲಿಗೆ ತಾಗಿದ್ದೇ ಹೊಲಿಗೆ ನಿಂತಿತು.

“ಇವರಿಗೆ ಕಣ್ಣು ಕಾಣಲ್ವಾ?” ಎಂದು ಕಾರ್ಯದರ್ಶಿ ಚಕ್ರಪಾಣಿಯನ್ನು ಕೇಳಿದರು.

“ಇಲ್ಲ,” ಎಂದರು ಚಕ್ರಪಾಣಿ.

“ಎಷ್ಟು ವರ್ಷದಿಂದ ರಿಪೇರಿ ಮಾಡ್ತಾರೆ?”

“ಹದಿನೆಂಟು.”

“ಇಲ್ಲೆಲ್ಲ ಕತ್ತರಿ, ಬಿಸಿ ಇಸ್ತ್ರಿಪೆಟ್ಟಿಗೆ... ಇವರಿಗೆ ಭಯ ಆಗಲ್ವಾ?”

“ಭಯವೇ? ಇವಳಿಗೇ?”

ಹಿಂದೊಮ್ಮೆ ಬಟ್ಟೆ ಅಂಗಡಿಯವನು ತಮ್ಮನ್ನು ಬಿಟ್ಟು ತಮ್ಮ ಹೆಂಡತಿಯ ಕಡೆ ತಿರುಗಿ ‘ಇವರಿಗೆ ಯಾವ ಬಣ್ಣದ ಶರ್ಟು ಬೇಕಂತೆ?’ ಎಂದು ಕೇಳಿದ್ದಕ್ಕೆ ಅಂಗಡಿಯನ್ನೇ ನಡುಗಿಸಿದ ಮಹಾಪುರುಷ, ಇಲ್ಲಿ ಅವಳ ಪಾಲಿನ ಮೂರು ಉತ್ತರಗಳನ್ನು ಸಲೀಸಾಗಿ ನುಂಗಿದ್ದರು. ಸೂಜಿಯ ಕೋಲು ನೆಲವನ್ನು ಟಕ್ ಟಕ್ ಎಂದು ಕುಕ್ಕಿತು. ಅವರಿಗೆ ಕೇಳಿಸಲಿಲ್ಲ.

ಕೋಟಿನ ದರ್ಜಿ ಯೋಜನೆಯ ಹಾಳೆಗಳನ್ನು ತಿರುವಿಹಾಕಿದ. ಮುಂದೆ ನೋಡಿದ, ಹಿಂದೆ ನೋಡಿದ.

“ಅಲ್ಲ ಸ್ವಾಮಿ, ದೌರ್ಬಲ್ಯ: ಗಿರಾಕಿಗಳಿಗೆ ಬುದ್ಧಿ ಹೇಳುವುದು. ಇದು ಬರೆದಿದ್ದೀರಿ. ಕಣ್ಣಿನ ವಿಷಯ ಎಲ್ಲೂ ಇಲ್ವಲ್ಲ?”

ಚಕ್ರಪಾಣಿ ಹಾಳೆಗಳನ್ನು ಕಸಿದುಕೊಂಡು ತಾವೇ ತಿರುವಿದರು. ಹನ್ನೆರಡು ಪುಟ. ಅಳತೆ, ಸಲಕರಣೆ, ಗಿರಾಕಿ, ಗಾಳಿ ಬೆಳಕು. ಒಂದು ಕಡೆಯೂ ಇರಲಿಲ್ಲ. ಹೊಡೆದು ಹಾಕುವ ಸಂಭ್ರಮದಲ್ಲಿ ಅದನ್ನು ಇನ್ನೆಲ್ಲಾದರೂ ಹೇಳಬೇಕೆಂಬುದೇ ಮರೆತುಹೋಗಿತ್ತು.

“ಮುಚ್ಚಿಟ್ಟು ಬರೆದೋರಿಗೆ ಕೀಲಿ ಹೇಗ್ರೀ ಕೊಡೋದು?” ಎಂದ ಕೋಟಿನವನು.

ತಪ್ಪಾಯಿತು ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಚಕ್ರಪಾಣಿ ಭಾಷಣಕ್ಕೆ ಇಳಿದರು. ದೌರ್ಬಲ್ಯ ಎಂದರೇನು, ಸಮಾಜ ಎಂದರೇನು, ಮೇಣದಬತ್ತಿ ಎಂದರೇನು. ಕುರ್ಚಿ ಮುಂದೆ ಹಿಂದೆ, ಮುಂದೆ ಹಿಂದೆ. ಕಾರ್ಯದರ್ಶಿಯ ಮುಖ ಇಸ್ತ್ರಿ ಮಾಡಿದಷ್ಟು ಬಿಗಿಯಾಯಿತು.

“ಚಕ್ರಣ್ಣ,” ಎಂದಳು ಸೂಜಿ. “ನೀವು ಸ್ವಲ್ಪ ಹೊರಗೆ ಹೋಗಿ.”

“ಏನಮ್ಮಾ?”

“ಹೊರಗೆ. ಬಾಗಿಲು ಎಳ್ಕೊಂಡು ಹೋಗಿ.”

ಸೇನಾಪತಿಯನ್ನು ರಣರಂಗದಿಂದ ಆಚೆ ಕಳಿಸಿದ ಮೊದಲ ಉದಾಹರಣೆ ಇದೇ ಇರಬೇಕು. ಮುಂದಿನ ಅರ್ಧಗಂಟೆ ಚಕ್ರಪಾಣಿ ಆ ಉದ್ದನೆಯ ಪಡಸಾಲೆಯನ್ನು ಎಷ್ಟು ಸಲ ಅಳೆದರೋ! ಒಬ್ಬ ದರ್ಜಿ ತನ್ನ ಬಟ್ಟೆಯ ಥಾನನ್ನು ದಾರಿಯಿಂದ ಎತ್ತಿಟ್ಟ. ಇನ್ನೊಬ್ಬ, “ಯಾರನ್ನಾದ್ರೂ ಆಸ್ಪತ್ರೆಗೆ ಸೇರಿಸಿದ್ದೀರಾ?” ಎಂದು ಮೆಲ್ಲಗೆ ವಿಚಾರಿಸಿದ. ಬಾಗಿಲ ಹತ್ತಿರ ಬಂದಾಗೆಲ್ಲ ಕಿವಿಗೊಡುತ್ತಿದ್ದರು. ಮೊದಲು ಏನೂ ಇಲ್ಲ. ಆಮೇಲೆ ಯಂತ್ರ ಓಡುವ ಸದ್ದು, ನಿಂತ ಸದ್ದು. ಆಮೇಲೆ, ಅಯ್ಯೋ ದೇವರೇ, ಸೂಜಿಯ ಏರಿದ ಗಂಟಲು:

“ಇದಕ್ಕೆ ಅಡುಗೆ ಎಣ್ಣೆ ಹಾಕಿದ್ದು ಯಾರು? ವಾಸನೆ ಬರ್ತಿದೆ! ಯಂತ್ರಾನ ಹೊಲಿಯೋಕೆ ಇಟ್ಟಿದ್ದೀರೋ, ಒಗ್ಗರಣೆಗೋ? ಇಷ್ಟು ವಯಸ್ಸಾಗಿದೆ!”

ಹೋಯಿತು, ಕೀಲಿ ಹೋಯಿತು ಎಂದು ಚಕ್ರಪಾಣಿ ಕಣ್ಣು ಮುಚ್ಚಿಕೊಂಡರು. ಒಳಗೆ ಯಾರೋ ನಕ್ಕರು. ಕೆಮ್ಮಿದ್ದೂ ಇರಬಹುದು.

ಬಾಗಿಲು ತೆರೆದು ಮೊದಲು ಬಂದವಳು ಕಸೂತಿಯ ಅಕ್ಕ. “ನಿಮ್ಮ ತಂಗಿ ಗಟ್ಟಿಗಿತ್ತಿ ಬಿಡಿ. ‘ಕಣ್ಣಿನ ವಿಷಯ ಬರೀಬೇಕಿತ್ತು, ತಪ್ಪು ನಮ್ಮದೇ’ ಅಂತ ಮೊದಲೇ ಹೇಳಿಬಿಟ್ರು. ಆಮೇಲೆ, ‘ನಾನು ಒಳಗೆ ಬಂದಾಗ ಓಡ್ತಿದ್ದ ಯಂತ್ರ ಯಾರದು, ಅದು ನರಳ್ತಿದೆ’ ಅಂದ್ರು. ಬಿಚ್ಚಿದ್ರೆ ಅಂಟು ಅಂಟು! ನಮ್ಮ ಕಾರ್ಯದರ್ಶಿ ಅಜ್ಜ ಎರಡು ವರ್ಷದಿಂದ ತುಳಿದೂ ತುಳಿದೂ ಮಂಡಿ ನೋವು ಅಂತಿದ್ರು, ತಪ್ಪು ಮಂಡೀದಲ್ಲ, ಯಂತ್ರದ್ದು.”

“ಹಾಗಾದ್ರೆ ಕೋಣೆ?”

“ಅದು ಬೇಡವಂತೆ.”

ಚಕ್ರಪಾಣಿಯ ಕುರ್ಚಿ ಬಹುಶಃ ಮೊದಲ ಬಾರಿಗೆ ಅಲ್ಲಾಡದೆ ನಿಂತಿತು. ಅಷ್ಟರಲ್ಲಿ ಸೂಜಿ ಹೊರಗೆ ಬಂದಳು, ಕೈಯಲ್ಲಿ ಕೀಲಿ.

“ಮೆಟ್ಟಿಲ ಕೆಳಗೆ ಕೂತ್ರೆ ತಲೆ ಮೇಲೆ ನಲವತ್ತು ಜನ ಧಡಧಡ ಓಡಾಡ್ತಾರೆ, ಚಕ್ರಣ್ಣ. ನಾನು ಯಂತ್ರ ಕೇಳಿಸಿಕೊಳ್ಳೋದು ಹೇಗೆ? ಮೇಲಿನ ಮಹಡೀಲಿ, ಹಿಂದುಗಡೆ, ಹಳೇ ಸಾಮಾನಿನ ಕೋಣೆ ಇದೆಯಂತೆ. ಅಲ್ಲಿ ಯಾರೂ ಬರಲ್ಲ, ಸದ್ದಿಲ್ಲ. ಅದು ಕೇಳ್ದೆ, ಕೊಟ್ರು.”

“ಮಹಡಿ ಮೇಲಾ? ಲಿಫ್ಟ್ ಇಲ್ಲ! ಮೆಟ್ಟಿಲು ಇಪ್ಪತ್ತನಾಲ್ಕು!”

“ನನ್ನ ಕಾಲು ಚೆನ್ನಾಗಿದೆಯಲ್ಲ.”

ಕೋಣೆ ಹುಡುಕುವಾಗ ಹೊಸ್ತಿಲು ನೋಡಿದ್ದು ಯಾರ ಸಲುವಾಗಿ ಎಂಬುದು ಚಕ್ರಪಾಣಿಗೆ ಆಗ ಹೊಳೆಯಿತು. ಹೊಳೆದರೂ ಸೋಲೊಪ್ಪುವುದುಂಟೇ?

“ಯಂತ್ರಗಳನ್ನ ಮೇಲಕ್ಕೆ ಹೊರೋರು ಯಾರಮ್ಮಾ?”

“ಕೆಡಿಸಿದೋರು ಹೊರ್ತಾರೆ,” ಎಂದಳು ಸೂಜಿ, ಗೋಡೆ ಸವರಿಕೊಂಡು ಮೆಟ್ಟಿಲು ಹತ್ತುತ್ತ. ಮುದುಕ ಕಾರ್ಯದರ್ಶಿ ತಮ್ಮ ಯಂತ್ರದ ತಲೆಯನ್ನು ಕಂಕುಳಲ್ಲಿ ಅವುಚಿಕೊಂಡು ಆಗಲೇ ಹಿಂದೆ ಹೊರಟಿದ್ದರು.

ಚಕ್ರಪಾಣಿ ಮೆಟ್ಟಿಲ ಬುಡದಲ್ಲಿ ಉಳಿದರು. ಮೇಲೆ ಬೀಗ ತೆರೆದ ಸದ್ದು, ಏನೋ ಉರುಳಿಬಿದ್ದ ಸದ್ದು.

“ಕಿಟಕಿ ಇದೆಯಾ?” ಎಂದು ಕೂಗಿದರು.

“ನನಗ್ಯಾಕೆ ಕಿಟಕಿ?”

“ಗಾಳಿಗೆ!”

“ಎರಡಿದೆ!”

“ಮೇಜು ಬಾಗಿಲ ಪಕ್ಕ ಬೇಡ, ಎಡಕ್ಕೆ ಹಾಕು! ಎಷ್ಟು ಹೆಜ್ಜೆ ಉದ್ದ ಇದೆ, ನಡೆದು ಹೇಳು, ಬರ್ಕೋತೀನಿ!”

ಮೇಲಿನಿಂದ ಪೊರಕೆಯ ಸದ್ದು ಬಂತು. ಇಂಥ ಹೊತ್ತಿನಲ್ಲಿ ವೀರರ ಮೇಲೆ ಪುಷ್ಪವೃಷ್ಟಿ ಆಗುತ್ತದೆಂದು ಕೇಳಿದ್ದೇವೆ. ಚಕ್ರಪಾಣಿಯ ತಲೆಯ ಮೇಲೆ, ಮಹಡಿಯ ಕಟಕಟೆಯ ಸಂದಿನಿಂದ, ಎಷ್ಟೋ ವರ್ಷದ ಧೂಳು ಒಂದು ಬುಟ್ಟಿಯಷ್ಟು ಸುರಿಯಿತು. ಮೂರು ಸಲ ಸೀನಿ, ಕಣ್ಣೊರೆಸಿಕೊಂಡು, ಅವರು ಕತ್ತು ಮೇಲೆತ್ತಿದರು.

“ಮೊದಲು ನೀರು ಚಿಮುಕಿಸಬೇಕಮ್ಮಾ!”