ಸ್ವೆಟರ್ ಬಿಚ್ಚಿದ ರಾವ್ ಸರ್

ಸಿಂಗಪುರದಲ್ಲಿ ವರ್ಷವಿಡೀ ಸ್ವೆಟರ್ ತೊಡುತ್ತಿದ್ದ ಒಬ್ಬರನ್ನೇ ನಾನು ಕಂಡಿದ್ದೇನೆ: ನಮ್ಮ ಬ್ಯಾಟರಿ ಲ್ಯಾಬಿನ ಮುಖ್ಯಸ್ಥ ರಾವ್ ಸರ್. ಉಡುಪಿಯವರಾದರೂ ಸೆಖೆ ಎಂದರೆ ಅವರಿಗಾಗದು. ಸೆರಂಗೂನಿನ ಮನೆಯಲ್ಲಿ ಎಸಿ, ಎಂಆರ್‌ಟಿ ರೈಲಿನಲ್ಲಿ ಎಸಿ, ಲ್ಯಾಬಿನಲ್ಲಂತೂ ನಮ್ಮ ಹಲ್ಲು ಕಟಕಟಿಸುವಷ್ಟು ಎಸಿ. ಒಳ್ಳೆಯ ಗುರು, ಇಲ್ಲವೆನ್ನಲಾರೆ. ಒಂದು ಹನಿಯೂ ಚೆಲ್ಲದಂತೆ ಸೆಲ್ಲಿಗೆ ಎಲೆಕ್ಟ್ರೋಲೈಟ್ ತುಂಬುವುದನ್ನು ಕೈಹಿಡಿದು ಕಲಿಸಿದವರು ಅವರೇ. ಅದಕ್ಕೇ ಇರಬೇಕು, ಅವರ ಮೇಲಿನ ಸಿಟ್ಟು ಇಷ್ಟು ವರ್ಷವಾದರೂ ಆರಲಿಲ್ಲ.

ಹೆಚ್ಚು ವೋಲ್ಟೇಜಿಗೆ ಚಾರ್ಜ್ ಮಾಡಿದರೆ ಬ್ಯಾಟರಿ ಹೆಚ್ಚು ಹೊತ್ತು ಬರುತ್ತದೆ. ಆದರೆ ಒಳಗಿನ ದ್ರವವಾದ ಎಲೆಕ್ಟ್ರೋಲೈಟ್ ಕೆಟ್ಟು, ಪಾಸಿಟಿವ್ ತುದಿಯಾದ ಕ್ಯಾಥೋಡನ್ನೂ ತಿಂದುಹಾಕುತ್ತದೆ. ಹಾಗೆ ಕೆಡದಂಥ ದ್ರವವನ್ನು ಹದ ಮಾಡಿದವಳು ನಾನು. ಬಿಸಿಯಲ್ಲಿ ಇದು ಸಾಲದು, ಇನ್ನೊಂದು ಲವಣ ಬೆರೆಸಬೇಕು ಎಂದೂ ನಮ್ಮ ಸಂಶೋಧನಾ ಪೇಪರಿನಲ್ಲಿ ಬರೆದಿದ್ದೆ.

ಸರ್ ಆ ಪ್ಯಾರಾವನ್ನೇ ಹೊಡೆದುಹಾಕಿದರು. “ಸೆಖೆಯ ಸುದ್ದಿ ಎಂತಕ್ಕೆ ಮಾರಾಯ್ತಿ? ಲ್ಯಾಬಲ್ಲಿ ಸೆಖೆ ಎಲ್ಲುಂಟು?”

ಪೇಪರ್ ಪ್ರಕಟವಾದಾಗ ನನ್ನ ಹೆಸರೂ ಇರಲಿಲ್ಲ. ಕೇಳಿದ್ದಕ್ಕೆ, “ನೀನಿನ್ನೂ ಚಿಕ್ಕವಳು. ಮುಂದೆ ಬೇಕಾದಷ್ಟು ಟೈಮ್ ಉಂಟು” ಎಂದರು. ಮೈಯೆಲ್ಲ ಉರಿದುಹೋಯಿತು. ಲ್ಯಾಬ್ ಬಿಟ್ಟೆ. ಈ ಮನುಷ್ಯ ಒಂದು ದಿನ ನನ್ನ ಕೈಗೆ ಸಿಗಲಿ ಎಂದು ದೇವರಿಗೆ ದೀಪ ಹಚ್ಚುವಾಗಲೂ ಬೇಡಿಕೊಂಡೆ. ಹೇಳಿಕೊಳ್ಳಲು ನಾಚಿಕೆಯೇನಿಲ್ಲ.

ಸಿಕ್ಕರು. ಸಿಂಗಪುರದಲ್ಲೇ, ಬೂನ್ ಲೇ ಬಡಾವಣೆಯ ಹತ್ತಿರ ಬ್ಯಾಟರಿ ಪರೀಕ್ಷಿಸುವ ಕಂಪನಿಯಲ್ಲಿ ಈಗ ನಾನೇ ಇನ್‌ಚಾರ್ಜ್. ನನ್ನದೇ ದ್ರವ ನಂಬಿ ಸ್ವಂತ ಕಂಪನಿ ತೆರೆದಿದ್ದ ಸರ್, ಸೆಲ್ಲುಗಳನ್ನು ಹಿಡಿದು ನನ್ನೆದುರೇ ಬಂದು ಕೂತರು.

“ಎಸಿ ರೂಮಲ್ಲೇ ಟೆಸ್ಟ್ ಮಾಡಿದ್ರೆ ಆಗುದಿಲ್ವಾ?”

“ಹೀಟ್ ಚೇಂಬರಲ್ಲೇ ಇಡ್ಬೇಕು ಸರ್. ಎಲ್ರಿಗೂ ಅದೇ ರೂಲ್.”

ಒಂದು ಡಿಗ್ರಿ ಹೆಚ್ಚು ಮಾಡಲಿಲ್ಲ, ಒಂದು ಡಿಗ್ರಿ ಬಿಡಲೂ ಇಲ್ಲ.

ಮುಂದಿನ ವಾರ ಸರ್ ಬಂದಾಗ, ಬಿಸಿಗೆ ದ್ರವ ಕೆಟ್ಟು ಗ್ಯಾಸ್ ತುಂಬಿ, ಅವರ ಚಪ್ಪಟೆ ಸೆಲ್ಲುಗಳೆಲ್ಲ ಪೂರಿಯ ಹಾಗೆ ಉಬ್ಬಿದ್ದವು. ಟ್ರೇಯನ್ನು ಅವರ ಮುಂದೆ ಸರಿಸಿದೆ. ಆಹಾ, ಆ ಸುಖ! ಸರ್ ಸ್ವೆಟರ್ ಬಿಚ್ಚಿ ತೊಡೆಯ ಮೇಲಿಟ್ಟುಕೊಂಡರು. ಅವರು ಅದನ್ನು ಬಿಚ್ಚಿದ್ದನ್ನು ಅದೇ ಮೊದಲು ಕಂಡದ್ದು.

“ಎಂತ ಬೆರೆಸ್ಬೇಕಿತ್ತು?”

“ಬರೆದಿದ್ದೆ ಸರ್. ನೀವೇ ಹೊಡೆದುಹಾಕಿದ್ರಿ.”

“ನೆನಪಿಲ್ಲ ಮಾರಾಯ್ತಿ. ಈಗ ಹೇಳು.”

ಆ ಲವಣದ ಹೆಸರು ನನ್ನ ನಾಲಿಗೆಯ ಮೇಲೇ ಇತ್ತು. “ಹುಡುಕಿ ಸರ್, ಬೇಕಾದಷ್ಟು ಟೈಮ್ ಇದೆಯಲ್ಲ” ಎಂದೆ.

ಟ್ಯಾಕ್ಸಿ ಬುಕ್ ಮಾಡಲೇ ಎಂದು ಕೇಳಬಹುದಿತ್ತು. ಕೇಳಲಿಲ್ಲ. ಅವರನ್ನು ನಾನು ನೋಡಿದ್ದು ಅದೇ ಕೊನೆ: ಸ್ವೆಟರನ್ನು ಕಂಕುಳಲ್ಲಿ ಇರುಕಿಕೊಂಡು ಬಸ್ ಸ್ಟಾಪಿನ ಕಡೆ ಹೊರಟಿದ್ದರು, ನಡುಮಧ್ಯಾಹ್ನದ ಬಿಸಿಲಿನಲ್ಲಿ. ಎಸಿ ಹಾಕಿದ ನನ್ನ ಕೋಣೆಯ ಕಿಟಕಿಯಲ್ಲಿ ನಿಂತು, ಅವರು ತಿರುವಿನಲ್ಲಿ ಮರೆಯಾಗುವವರೆಗೂ ನೋಡಿದೆ.